ಜನವರಿಯ ನೆಲ, ಬರಿಗಾಲು

ಟೋಕಿಯೊದಲ್ಲಿ ಇದು ನನ್ನ ಮೂರನೇ ಚಳಿಗಾಲ. ಜನವರಿ ಬಂತೆಂದರೆ ನಾನು ಕರಾಟೆ ಕಲಿಯುವ ಡೋಜೋದಲ್ಲಿ (ಅಭ್ಯಾಸದ ಶಾಲೆಯಲ್ಲಿ) 'ಕಾಂಗೇಕೊ', ಅಂದರೆ ಬೇಕೆಂದೇ ಕೊರೆಯುವ ಚಳಿಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ. ಇವತ್ತು ಬೆಳಿಗ್ಗೆ ಆರಕ್ಕೇ ಹೋದೆ. ಮೊದಲು ಎಲ್ಲರೂ ಬಟ್ಟೆ ಹಿಂಡಿ, ಬಗ್ಗಿ ಓಡುತ್ತಾ ಮರದ ನೆಲ ಒರೆಸಿದೆವು. ಕಪ್ಪು ಬೆಲ್ಟಿನವರೂ ಅಷ್ಟೇ, ಮೊನ್ನೆ ಸೇರಿದ ಹುಡುಗನೂ ಅಷ್ಟೇ.

ಆಮೇಲೆ ಒಂದು ಗಂಟೆ ಪೂರ್ತಿ ಹೇಯಾನ್ ಶೋದಾನ್. ಶೋಟೋಕಾನ್ ಎಂಬ ಕರಾಟೆ ಶೈಲಿಯಲ್ಲಿ ಮೊದಲು ಕಲಿಸುವ ಕಾತಾ, ಅಂದರೆ ಗೊತ್ತಾದ ಕ್ರಮದಲ್ಲಿ ಮಾಡುವ ಚಲನೆಗಳ ಸರಣಿ. ಇರುವುದು 21 ಚಲನೆ. ಎಡಕ್ಕೆ ತಿರುಗಿ, ಕೆಳಗೆ ಬರುವ ಏಟನ್ನು ತಡೆಯುವುದೇ ಮೊದಲ ಹೆಜ್ಜೆ. ಹೇಯಾನ್ ಹೆಸರಿನ ಐದು ಕಾತಾಗಳೂ ತಡೆಯಿಂದಲೇ ಶುರುವಾಗುತ್ತವೆ. 1922ರಲ್ಲಿ ಒಕಿನಾವಾದಿಂದ ಟೋಕಿಯೊಗೆ ಬಂದು ಕರಾಟೆ ತೋರಿಸಿದ ಫುನಾಕೋಶಿ ಗಿಚಿನ್ ಅವರ ಮಾತೇ ಇದೆಯಲ್ಲ, ಕರಾಟೆಯಲ್ಲಿ ಮೊದಲ ಏಟು ಇಲ್ಲ ಅಂತ.

ನಮ್ಮ ಸೆನ್ಸೇಗೆ, ಅಂದರೆ ಗುರುಗಳಿಗೆ, ಎಪ್ಪತ್ತು ದಾಟಿದೆ. ಎಣಿಸುತ್ತಾ ನಮ್ಮ ಜೊತೆಗೇ ಮಾಡಿದರು. ನನ್ನ ಹಿಂದಿನ ಕಾಲಿನ ಹಿಮ್ಮಡಿ ಏಳುತ್ತಿತ್ತು. ಏನೂ ಹೇಳಲಿಲ್ಲ, ಬಂದು ಕೂತು ಬೆರಳಿನಿಂದ ಮೆಲ್ಲಗೆ ಒತ್ತಿದರು. ಊರಲ್ಲಿ ಸಂಗೀತದ ಮೇಷ್ಟ್ರು ತಿಂಗಳುಗಟ್ಟಲೆ ಸರಳೆ ವರಸೆಯನ್ನೇ ಹಾಡಿಸುತ್ತಿದ್ದದ್ದು ನೆನಪಾಯಿತು. ಆಗ ಬೇಜಾರಾಗುತ್ತಿತ್ತು. ಈಗ, ನಾಳೆಯೂ ಅದೇ ಮೊದಲ ಹೆಜ್ಜೆ ಎಂದು ಖುಷಿಯಿಂದ ಅಲಾರಂ ಇಟ್ಟಿದ್ದೇನೆ.