ರೊಟ್ಟಿಯ ಬಿಸಿ ತಿಳಿಯದ ಬೆರಳು

ನಿನ್ನೆ ರಾತ್ರಿ ಅವ್ವ ಹಂಚಿನಿಂದ ತೆಗೆದ ಜೋಳದ ರೊಟ್ಟಿಯನ್ನು ನೇರ ನನ್ನ ಕೈಗೇ ಕೊಟ್ಟಳು. ಹಿಡಿದೆ. ಹೆಬ್ಬೆರಳಿಗೆ ಚುರ್ ಅಂತು. ನಡುಬೆರಳ ತುದಿಗೆ ಮಾತ್ರ ಏನೂ ಇಲ್ಲ, ಬೇರೆ ಯಾರದೋ ಬೆರಳು ಅನ್ನುವ ಹಾಗೆ.

"ಬಿಲ್ಲರ ಬಿಡು, ಇಲ್ಲಾ ಬೆರಳರ ಬಿಡು" ಅಂದಳು ಅವ್ವ.

ತಪ್ಪು ನನ್ನದೇ. ಹೆದೆ ಎಳೆಯುವಾಗ ಬೆರಳಿಗೆ ಅಡ್ಡ ಇಟ್ಟುಕೊಳ್ಳುವ ಫಿಂಗರ್ ಟ್ಯಾಬಿನ ಚರ್ಮ ಸವೆದು ಹಪ್ಪಳ ಆಗಿತ್ತು, ಹೊಸದು ತರಿಸಲು ಜಿಪುಣತನ. ಜೊತೆಗೆ ಹೆದೆಯನ್ನು ಬೆರಳ ತುದಿಯಲ್ಲೇ ಹಿಡಿಯುವ ಹಳೇ ಚಾಳಿ. ಹಾಗೆ ಹಿಡಿದರೆ ಭಾರವೆಲ್ಲ ತುದಿಯ ನರಗಳ ಮೇಲೇ ಬೀಳುತ್ತದೆ. ನನ್ನ ಬಿಲ್ಲಿನ ಎಳೆತದ ಭಾರ 38 ಪೌಂಡು, ಅಂದರೆ ಸುಮಾರು 17 ಕೆ.ಜಿ. ಒಲಿಂಪಿಕ್ ರ‍್ಯಾಂಕಿಂಗ್ ಸುತ್ತಿನ ಹಾಗೆ 72 ಬಾಣ ಬಿಟ್ಟರೆ, ನಮ್ಮ ಕಲಬುರಗಿ ಲೆಕ್ಕದಲ್ಲಿ, ಹನ್ನೆರಡು ಕ್ವಿಂಟಲ್ ತೊಗರಿಯನ್ನು ಮೂರು ಬೆರಳಲ್ಲಿ ಎಳೆದ ಹಾಗೆ!

ನೋವಾಗಿದ್ದರೆ ಅವತ್ತೇ ನಿಲ್ಲಿಸುತ್ತಿದ್ದೆ. ಜೋಮು ಗಲಾಟೆ ಮಾಡುವುದಿಲ್ಲ ಅಲ್ವಾ, ಸುಮ್ನೆ ಕೂತಿರುತ್ತದೆ. ಅದಕ್ಕೇ ಎರಡು ವಾರ ತಳ್ಳಿಬಿಟ್ಟೆ.

ಇವತ್ತು ಬಿಲ್ಲು ಮುಟ್ಟಲಿಲ್ಲ. ದಪ್ಪ ಟ್ಯಾಬ್ ಆರ್ಡರ್ ಮಾಡಿದೆ. ಕನ್ನಡಿ ಮುಂದೆ ನಿಂತು ಬರೀ ಕೈಯಲ್ಲಿ ಹಿಡಿತ ತಿದ್ದಿಕೊಂಡೆ: ಹೆದೆ ಮೊದಲ ಗೆಣ್ಣಿನ ಗೆರೆಯಲ್ಲಿ ಕೂರಬೇಕು, ಬೆರಳು ಕೊಕ್ಕೆಯ ಹಾಗೆ ಮಡಚಬೇಕು, ಅಂಗೈ ಸಡಿಲ ಬಿಡಬೇಕು. ಬಾಣವನ್ನು ಎರಡು ಬೆರಳ ನಡುವೆ ಚಿವುಟಬಾರದು. ಮತ್ತೆ ಶುರು ಮಾಡುವಾಗ ಹಗುರ ಬಿಲ್ಲೇ.

ಜೋಮು ಸ್ವಲ್ಪ ಇಳಿದಿದೆ. ಸೋಮವಾರಕ್ಕೂ ಹೋಗದಿದ್ದರೆ ಡಾಕ್ಟರ ಹತ್ತಿರ. ಅವ್ವ ಮಾತ್ರ ಈಗ ರೊಟ್ಟಿಯನ್ನು ತಟ್ಟೆಗೇ ಹಾಕುತ್ತಿದ್ದಾಳೆ.