ಬಟವಾಡೆ ಇಲ್ಲದ ಭಾನುವಾರ

"ಆಗ ಎಲ್ಲ ದಿನವೂ ರಜೆ ಇತ್ತಲ್ಲ, ಭಾನುವಾರ ಅಂತ ಹೇಗೆ ಗೊತ್ತಾಗ್ತಿತ್ತು?" ಲಾಕ್‌ಡೌನ್ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ. ಬೆಂಗಳೂರಿನ ತಂಗಿ ಕೇಳಿದ್ದಾಳೆ. ಟ್ಯೂಷನ್‌ಗೆ ಬರುವ ಮಕ್ಕಳು ಕೇಳಿದ್ದಾರೆ. ತಂಗಿಗೇನು, ಲ್ಯಾಪ್‌ಟಾಪ್ ಮುಚ್ಚಿದರೆ ಭಾನುವಾರ. ನಮಗೆ ಹಾಗಿರಲಿಲ್ಲ.

ನಮ್ಮ ಯಜಮಾನರು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್. ಶನಿವಾರ ಸಂಜೆ ಬಟವಾಡೆ. ಆ ದುಡ್ಡು ಕೈಗೆ ಬಂತೆಂದರೆ ಮರುದಿನ ಭಾನುವಾರ. ಬೆಳಿಗ್ಗೆ ಬಂಡಿಯಿಂದ ಒಗ್ಗರಣೆ-ಮಿರ್ಚಿ (ಮಂಡಾಳು ಅಂದರೆ ಮಂಡಕ್ಕಿಯ ಒಗ್ಗರಣೆ, ಜೊತೆಗೆ ಮೆಣಸಿನಕಾಯಿ ಬಜ್ಜಿ), ಮಧ್ಯಾಹ್ನ ಅರ್ಧ ಕೆಜಿ ಮಟನ್, ಆಮೇಲೆ ಅವರ ನಿದ್ದೆ. ಕ್ಯಾಲೆಂಡರ್ ನೋಡುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇರಲಿಲ್ಲ. 2020ರ ಮಾರ್ಚ್ 25, ಯುಗಾದಿಯ ದಿನವೇ ಲಾಕ್‌ಡೌನ್ ಶುರುವಾಯಿತು. ಯೂನಿಟ್‌ಗೆ ಬೀಗ ಬಿತ್ತು. ಬಟವಾಡೆ ನಿಂತಿತು. ಅದರ ಜೊತೆಗೆ ಭಾನುವಾರವೂ ನಿಂತಿತು.

ವಾರ ಯಾವುದು ಅಂತ ನೆನಪಿಡುವ ಗೋಜಿಗೇ ನಾವು ಹೋಗಲಿಲ್ಲ. ನಳ ಬಂದ ದಿನ, ಬಾರದ ದಿನ, ಅಷ್ಟೇ ಲೆಕ್ಕ. ಏಪ್ರಿಲ್ 5ರ ರಾತ್ರಿ 9 ಗಂಟೆಗೆ ದೀಪ ಹಚ್ಚಲು ಹೇಳಿದ್ದರಲ್ಲ, ಎಲ್ಲರಂತೆ ನಾವೂ ಮಾಳಿಗೆ ಮೇಲೆ ಹಣತೆ ಹಚ್ಚಿದೆವು. ಆಗ ಮಗ "ಇವತ್ತು ಭಾನುವಾರ" ಅಂದ. ಅತ್ತೆ ಹಣತೆ ಹಿಡಿದವರು ಹಾಗೇ ನಿಂತರು. "ಐತವಾರ ಆಗಿತ್ತೇನು? ಯಾರೂ ಹೇಳಲೇ ಇಲ್ಲ ನನಗೆ!" ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು. ಇನ್ನು ಬರುವ ಐತವಾರ ಮನೇಲಿ ಮಿರ್ಚಿ ಆಗಲೇಬೇಕು ಅಂತ ಅಲ್ಲೇ ಹೇಳಿಬಿಟ್ಟರು.

ಬಳ್ಳಾರಿಯವರಿಗೆ ಇದು ಎಷ್ಟು ವಿಚಿತ್ರ ಅಂತ ಗೊತ್ತು. ಬಂಡಿ ಇರುವ ಊರಲ್ಲಿ ಮಿರ್ಚಿಯನ್ನು ಮನೇಲಿ ಯಾರು ಮಾಡ್ತಾರೆ? ನಾನಂತೂ ಮದುವೆಯಾದ ಮೇಲೆ ಒಮ್ಮೆಯೂ ಮಾಡಿರಲಿಲ್ಲ. ಆದರೆ ಬಂಡಿ, ಹೋಟೆಲ್ ಎಲ್ಲ ಬಂದ್ ಆಗಿದ್ದರಿಂದ ಬಜ್ಜಿ ಮೆಣಸಿನಕಾಯಿ ಕೇಳುವವರೇ ಇರಲಿಲ್ಲ. ತಳ್ಳುಗಾಡಿಯವನು ಹತ್ತು ರೂಪಾಯಿಗೆ ಸೆರಗು ತುಂಬ ಹಾಕಿಹೋದ. ಕಡಲೆಹಿಟ್ಟು, ಎಣ್ಣೆ ಉದ್ರಿ ತಂದೆವು.

ಮೊದಲ ಭಾನುವಾರ ಹಿಟ್ಟು ಮೆಣಸಿನಕಾಯಿಗೆ ಅಂಟಲೇ ಇಲ್ಲ. ಎಣ್ಣೆಯಲ್ಲಿ ಹಿಟ್ಟು ಒಂದು ಕಡೆ, ಕಾಯಿ ಒಂದು ಕಡೆ. ತೊಳೆದ ಕಾಯಿಯನ್ನು ಒರೆಸದೆ ಅದ್ದಿದ್ದೆ. ಹಿಟ್ಟೂ ನೀರಾಗಿತ್ತು. ಅತ್ತೆ ಪಕ್ಕದಲ್ಲೇ ಕೂತು ನೋಡಿದರು, ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ಮುಂದಿನ ವಾರ ಕಾಯಿ ಸೀಳುವ ಕೆಲಸ ಯಜಮಾನರು ತಗೊಂಡರು. ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿ, ಎಲ್ಲಕ್ಕೂ ಒಂದೇ ಉದ್ದದ ಸೀಳು, ತುದಿ ಹರಿಯದ ಹಾಗೆ. ಜೀನ್ಸ್ ಕತ್ತರಿಸುವ ಕೈಗೆ ಮೂರು ವಾರದಿಂದ ಕೆಲಸ ಇರಲಿಲ್ಲ ಪಾಪ. ಒಳಗೆ ಹುಣಸೆಹಣ್ಣು, ಓಂಕಾಳು, ಉಪ್ಪು ಅರೆದು ಸವರಿದೆವು. ಹಿಟ್ಟಿಗೆ ಒಂದು ಚಮಚ ಕಾದ ಎಣ್ಣೆ. ಈ ಸಲ ಮಿರ್ಚಿ ಮಿರ್ಚಿಯ ಹಾಗೇ ಬಂತು.

ಮಂಡಾಳು ಒಗ್ಗರಣೆ ನನಗೆ ಮೊದಲೇ ಬರುತ್ತಿತ್ತು. ನೆನೆಸಿ ತಕ್ಷಣ ಹಿಂಡಬೇಕು, ತಡ ಮಾಡಿದರೆ ಮುದ್ದೆ. ಮೇಲೆ ಪುಟಾಣಿ ಪುಡಿ, ನಿಂಬೆಹಣ್ಣು. ಮಟನ್ ಇಲ್ಲ ಅಂತ ಆ ದಿನ ಯಾರೂ ಮಾತೆತ್ತಲಿಲ್ಲ.

ಮಧ್ಯಾಹ್ನ 40 ಡಿಗ್ರಿ ಬಿಸಿಲು, ಹೊರಗೆ ಕಾಲಿಡೋ ಹಾಗಿಲ್ಲ. ಲಾಕ್‌ಡೌನ್ ಇಲ್ಲದಿದ್ದರೂ ಇಡುತ್ತಿರಲಿಲ್ಲ ಬಿಡಿ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಯಜಮಾನರು ನೆಲದ ಮೇಲೆ ಚೌಕಾಬಾರದ 25 ಮನೆ ಗೆರೆ ಎಳೆದರು. ಸ್ಕೇಲ್ ಇಟ್ಟು! ಹುಣಸೆ ಬೀಜದ ಒಂದು ಮಗ್ಗುಲನ್ನು ಬಿಳುಪಾಗುವ ತನಕ ತೇಯ್ದು ಅತ್ತೆ ನಾಲ್ಕು ದಾಳ ಮಾಡಿದರು. ನಾಲ್ಕೂ ಕಪ್ಪು ಬಿದ್ದರೆ ಎಂಟು. ಅತ್ತೆಗೆ ಎಂಟು ಬೀಳುವಷ್ಟು ಸಲ ಬೇರೆ ಯಾರಿಗೂ ಬೀಳುತ್ತಿರಲಿಲ್ಲ. ಮಗ ಬೀಜಗಳ ಪರೀಕ್ಷೆಯನ್ನೂ ಮಾಡಿದ, ಏನೂ ಸಿಗಲಿಲ್ಲ.

ರಾತ್ರಿ ಮಾಳಿಗೆ ಮೇಲೆ ನೀರು ಚಿಮುಕಿಸಿ ಚಾಪೆ ಹಾಸುತ್ತಿದ್ದೆವು. ದೂರದಲ್ಲಿ ಕೋಟೆ ಗುಡ್ಡ ಕಪ್ಪಗೆ ಕಾಣುತ್ತಿತ್ತು. ಪ್ಯಾಸೆಂಜರ್ ರೈಲು ನಿಂತಿದ್ದವು, ಗೂಡ್ಸ್ ಗಾಡಿ ಮಾತ್ರ ಕೂಗಿಕೊಂಡು ಹೋಗುತ್ತಿತ್ತು. ಪ್ರತಿ ಸಲವೂ ಅತ್ತೆ, "ಯೂನಿಟ್ ಯಾವಾಗ ತೆಗೀತಾರಪ್ಪ?" ಅಂತ ಕೇಳುವರು. ಇವರು ನಿದ್ದೆ ಬಂದವರಂತೆ ಮಗ್ಗುಲು ಬದಲಿಸುವರು.

ಆ ದಿನಗಳು ಎಷ್ಟು ಚೆನ್ನಾಗಿದ್ದವು ಅಂತ ಕೆಲವರು ಹೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ಮೇ ಹೊತ್ತಿಗೆ ನನ್ನ ಬೆಂಡೋಲೆ ಒತ್ತೆಗೆ ಹೋಗಿತ್ತು. ಭಾನುವಾರ ಚೆನ್ನಾಗಿತ್ತು, ಅದನ್ನು ಒಪ್ಪುತ್ತೇನೆ. ಸೋಮವಾರ ಎದ್ದರೆ ಉದ್ರಿ ಅಂಗಡಿ ಮುಂದೆ ತಲೆ ತಗ್ಗಿಸಿ ಹೋಗಬೇಕಿತ್ತು.

ಯೂನಿಟ್ ಮತ್ತೆ ತೆರೆದ ಮೇಲೆ ಮೊದಲ ಬಟವಾಡೆ ಅರ್ಧಕ್ಕಿಂತ ಕಡಿಮೆ ಬಂತು. ಆದರೂ ಮುಂದೆ ಬಂಡಿಗಳು ಶುರುವಾದ ಒಂದು ಭಾನುವಾರ ಇವರು ಪೇಪರಲ್ಲಿ ಕಟ್ಟಿಸಿಕೊಂಡು ಬಿಸಿ ಮಿರ್ಚಿ ತಂದರು. ಅತ್ತೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ನಿಧಾನಕ್ಕೆ ಅಗಿದರು. ಆಮೇಲೆ ನನ್ನ ಕಡೆ ನೋಡಿ, "ಸೋಡಾ ಜಾಸ್ತಿ ಆಗೈತೆ" ಅಂದರು.