ಮನೆಯ ಬಿಲ್ ಇಳಿಯಿತು, ಬಿಲ್ಡಿಂಗಿನದು?

ನಮ್ಮದು ಸರ್ಕಾರದ ಯೋಜನೆಯಲ್ಲಿ ಸಿಕ್ಕ, ಕರೆಂಟು ಉಳಿಸುತ್ತದೆ ಅಂತ ಹೇಳಿ ಕೊಟ್ಟ ಫ್ಲ್ಯಾಟ್. ಬೇಸಿಗೆ ಬಿಟ್ಟರೆ ಮನೆಯ ಲೈಟ್ ಬಿಲ್ 100 ಯೂನಿಟ್ ದಾಟುವುದಿಲ್ಲ. ಐದು ಜನ ಇದ್ದೇವೆ. ಫ್ರಿಜ್ ಇದೆ, ಟಿವಿ ಇದೆ, ಮಿಕ್ಸರ್ ಇದೆ. ಮಹಾರಾಷ್ಟ್ರದ ವಿದ್ಯುತ್ ಕಂಪನಿ ಮಹಾವಿತರಣದ ಬಿಲ್ ಕಟ್ಟುವವರಿಗೆ ಈ 100ರ ಬೆಲೆ ಗೊತ್ತಿರುತ್ತದೆ. ಮೊದಲ 100 ಯೂನಿಟ್ಟಿಗೆ ಒಂದು ದರ. 101ರಿಂದ 300ರ ತನಕ ಹೆಚ್ಚುಕಮ್ಮಿ ಅದರ ದುಪ್ಪಟ್ಟು. ಹಾಗಾಗಿ ನಮ್ಮಲ್ಲಿ ತಿಂಗಳ ಕೊನೆಗೆ ಎಲ್ಲರ ಕಣ್ಣೂ ಮೀಟರ್ ಮೇಲೆ.

ಇಷ್ಟಕ್ಕೇ ನಿಲ್ಲಿಸಿದರೆ ಸರ್ಕಾರದ ಜಾಹೀರಾತಿನ ಹಾಗೆ ಕಾಣುತ್ತದೆ. ಆದರೆ ತಿಂಗಳಿಗೆ ಇನ್ನೊಂದು ಕಾಗದ ಬರುತ್ತದೆ, ಸೊಸೈಟಿಯ ಮೇಂಟೆನೆನ್ಸ್. ಲಿಫ್ಟ್, ಪಂಪ್, ಮೆಟ್ಟಿಲ ಲೈಟು ಎಲ್ಲದರ ಕರೆಂಟು ಅದರಲ್ಲಿ ಸೇರಿರುತ್ತದೆ. ಮೊದಲು ಪತ್ರಾ, ಅಂದರೆ ತಗಡಿನ ಮನೆಯಲ್ಲಿದ್ದಾಗ ಈ ಕಾಗದವೇ ಇರಲಿಲ್ಲ. ಒಂದು ಕಾಗದದಲ್ಲಿ ಉಳಿದದ್ದನ್ನು ಇನ್ನೊಂದು ಕಾಗದ ತಿನ್ನುತ್ತಿದೆ.

ನಾನು ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮೋಟರ್ ವೈಂಡಿಂಗ್, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಕೆಲಸ, ಮಾಡುವವನು. ಊರು ವಿಜಯಪುರ ಜಿಲ್ಲೆ, ಇಂಡಿ ತಾಲೂಕು. ಅಪ್ಪ ಗೌಂಡಿ ಕೆಲಸಕ್ಕೆ ಪುಣೆಗೆ ಬಂದವರು. ನಾನು ಬೆಳೆದದ್ದು, ಮದುವೆಯಾದದ್ದು, ಮಕ್ಕಳಾದದ್ದು ಎಲ್ಲ ಆ ಒಂದೇ ಬಾಡಿಗೆಯ ಪತ್ರಾ ಖೋಲಿಯಲ್ಲಿ. 2015ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಶುರುವಾಯಿತಲ್ಲ, ಅದರಡಿ ಮನೆಯ ಲಾಟರಿಗೆ ಅರ್ಜಿ ಹಾಕಿದೆವು. ಆಗ ವರ್ಷದ ಆದಾಯ 3 ಲಕ್ಷದೊಳಗೆ ಇರಬೇಕಿತ್ತು. ಕೇಂದ್ರದಿಂದ ಒಂದೂವರೆ ಲಕ್ಷ, ರಾಜ್ಯದಿಂದ ಒಂದು ಲಕ್ಷ ಸಹಾಯ, ಉಳಿದದ್ದು ಬ್ಯಾಂಕ್ ಸಾಲ. ಸಿಕ್ಕಿದ್ದು 30 ಚದರ ಮೀಟರ್ ಒಳಗಿನ ಮನೆ, ಹನ್ನೊಂದು ಅಂತಸ್ತಿನಲ್ಲಿ ನಾಲ್ಕನೆಯದು. ಕಾಗದಪತ್ರಕ್ಕೆ ಅಲೆದ ಕತೆ ಬೇಡ ಬಿಡಿ, ಎಲ್ಲರದ್ದೂ ಒಂದೇ ಕತೆ.

ಚಾವಿ ಕೊಡುವಾಗ ಇದು ಕರೆಂಟು ಉಳಿಸುವ ಬಿಲ್ಡಿಂಗ್ ಅಂದಿದ್ದರು. ಏನು ಉಳಿಸುತ್ತದೆ, ಹೇಗೆ ಉಳಿಸುತ್ತದೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ.

ಮೊದಲು ತಿಳಿದದ್ದು ಅವ್ವನಿಗೆ, ಅದೂ ಜಗಳದ ರೂಪದಲ್ಲಿ. ದೇವರ ಫೋಟೋ ಹಾಕಲು ಮೊಳೆ ಹೊಡೆದರೆ ಪುಡಿ ಉದುರಿ ಮೊಳೆ ಕೈಗೇ ಬಂತು. "ಗ್ವಾಡಿಗೆ ಒಂದ್ ಮೊಳಿ ಹೊಡಿಯಾಕ ಬರಂಗಿಲ್ಲ, ಇದೇನ್ ಮನಿಪಾ?" ಅಂದಳು. ಅದು ಎಎಸಿ ಬ್ಲಾಕಿನ ಗೋಡೆ. ಹಾರುಬೂದಿ, ಸುಣ್ಣ, ಸಿಮೆಂಟು ಕಲಸಿ ಅದಕ್ಕೆ ಚೂರು ಅಲ್ಯೂಮಿನಿಯಂ ಪುಡಿ ಹಾಕುತ್ತಾರೆ. ಗ್ಯಾಸ್ ಹುಟ್ಟಿ ಇಡೀ ಮುದ್ದೆ ಉಬ್ಬುತ್ತದೆ. ಒಳಗೆಲ್ಲ ಗಾಳಿಯ ಸಣ್ಣ ಸಣ್ಣ ಗುಳ್ಳೆ. ಬ್ಲಾಕನ್ನು ನೀರಿಗೆ ಹಾಕಿದರೆ ತೇಲುವಷ್ಟು ಹಗುರ. ಆ ಗಾಳಿಯಿಂದಲೇ ಬಿಸಿ ಬೇಗ ಒಳಗೆ ದಾಟುವುದಿಲ್ಲ. ಮೊಳೆ ನಿಲ್ಲದಿರುವುದಕ್ಕೂ ಅದೇ ಕಾರಣ. ಡ್ರಿಲ್ ಮಾಡಿ ನೈಲಾನ್ ಪ್ಲಗ್ ಕೂರಿಸಿ ಸ್ಕ್ರೂ ಬಿಗಿಯಬೇಕು. ಸಿದ್ಧೇಶ್ವರ ಈಗ ಸ್ಕ್ರೂ ಮೇಲೆ ಇದ್ದಾನೆ.

ಇದೇ ಯೋಜನೆಯ ಇನ್ನೊಂದು ಬಿಲ್ಡಿಂಗಿನಲ್ಲಿ ನಮ್ಮ ಕಾಕಾನ ಮಗ ಇದ್ದಾನೆ. ಅಲ್ಲಿ ಅಲ್ಯೂಮಿನಿಯಂ ಅಚ್ಚು ಕಟ್ಟಿ ಗೋಡೆಯನ್ನೇ ಕಾಂಕ್ರೀಟಿನಲ್ಲಿ ಸುರಿದಿದ್ದಾರೆ. ಭಾರಿ ಗಟ್ಟಿ, ಬೇಗ ಕಟ್ಟಿಯೂ ಆಗುತ್ತದೆ. ಆದರೆ ಪಡುವಣದ ಗೋಡೆ ಮಧ್ಯಾಹ್ನವಿಡೀ ಬಿಸಿಲು ಕುಡಿದು ರಾತ್ರಿ ಮಲಗುವ ಹೊತ್ತಿಗೆ ಒಳಗೆ ಕಾರುತ್ತದೆ. ಏಪ್ರಿಲ್‌ನಲ್ಲಿ ಅವನು ಮಂಚವನ್ನು ಗೋಡೆಯಿಂದ ದೂರ ಎಳೆದು ಮಲಗುತ್ತಾನೆ. ಎರಡೂ ಒಂದೇ ಯೋಜನೆಯ ಮನೆ, ಎರಡಕ್ಕೂ ಒಂದೇ ಸಬ್ಸಿಡಿ. ಗೋಡೆ ಬೇರೆಯಾದರೆ ಬಾಳೇ ಬೇರೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಾಸದ ಕಟ್ಟಡಗಳಿಗೇ ಅಂತ ಇಕೋ ನಿವಾಸ್ ಸಂಹಿತಾ ಅನ್ನುವ ನಿಯಮಾವಳಿ ತಂದಿತು. ಗೋಡೆ ಕಿಟಕಿ ಸೇರಿ ಒಳಗೆ ಬಿಡುವ ಬಿಸಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು ಅನ್ನುತ್ತದೆ ಅದು. ಮನೆ ಕೊಳ್ಳುವ ಬಡವನಿಗೆ ಈ ಅಂಕಿಯನ್ನು ಯಾರೂ ತೋರಿಸುವುದಿಲ್ಲ. ಟೈಲ್ಸ್ ತೋರಿಸುತ್ತಾರೆ.

ಗೋಡೆಯ ಪಾಡಿಗೆ ಗೋಡೆ ಕೆಲಸ ಮಾಡುತ್ತದೆ. ಕಿಟಕಿಗೆ ಮನುಷ್ಯ ಬೇಕು. ನಮ್ಮದು ಬಾಗಿಲಿನಂತೆ ತೆರೆಯುವ ಕಿಟಕಿ. ಪೂರ್ತಿ ತೆಗೆಯಬಹುದು. ಜಾರಿಸುವ ಕಿಟಕಿಯಾದರೆ ಎಷ್ಟು ಎಳೆದರೂ ಅರ್ಧ ಮುಚ್ಚಿಯೇ ಇರುತ್ತದೆ. ಗಾಳಿ ಒಳಗೆ ಬಂದರಷ್ಟೇ ಸಾಲದು, ಹೊರಗೂ ಹೋಗಬೇಕಲ್ವಾ? ಅದಕ್ಕೆ ಎದುರಿನ ಮುಖ್ಯ ಬಾಗಿಲು ತೆರೆದಿರಬೇಕು. ನಾವು ಮರದ ಬಾಗಿಲು ತೆಗೆದು ಜಾಳಿಯ ಸೇಫ್ಟಿ ಡೋರ್ ಮಾತ್ರ ಹಾಕಿರುತ್ತೇವೆ. ಮೊದಲಿದ್ದ ವಸ್ತಿಯಲ್ಲಿ ಎಲ್ಲರ ಬಾಗಿಲೂ ತೆರೆದೇ ಇರುತ್ತಿತ್ತು, ಹಾಗಾಗಿ ಅವ್ವನಿಗೆ ಇದು ಹೊಸದಲ್ಲ. ಆದರೆ ನಮ್ಮ ಫ್ಲೋರಿನಲ್ಲಿ ಒಂದೊಂದಾಗಿ ಬಾಗಿಲುಗಳು ಮುಚ್ಚಿಕೊಂಡವು. ಫ್ಲ್ಯಾಟ್ ಅಂದರೆ ಬಾಗಿಲು ಹಾಕಿಕೊಂಡು ಇರಬೇಕು ಅನ್ನುವ ಒಂದು ಮರ್ಯಾದೆ ಬಂದುಬಿಟ್ಟಿದೆ. ಬಾಗಿಲು ಹಾಕಿದವರಿಗೆ ಸೆಕೆ. ಸೆಕೆಯಾದವರು ಏಸಿ ತಂದರು. ಆ ಏಸಿಯ ಹೊರಗಿನ ಡಬ್ಬಿ ಡಕ್ಟಿನ ಕಡೆಗಿದೆ, ಅಂದರೆ ಬಿಲ್ಡಿಂಗಿನ ನಡುವೆ ಗಾಳಿಗೆ ಬಿಟ್ಟ ಜಾಗಕ್ಕೆ. ಅದರ ಬಿಸಿಗಾಳಿ ಮೇಲಿನ ಮನೆಯವರ ಅಡುಗೆಮನೆ ಕಿಟಕಿಗೆ ಹೋಗುತ್ತದೆ. ಅವರೂ ಈಗ ಕಿಟಕಿ ಹಾಕಿಕೊಂಡಿದ್ದಾರೆ. ಮುಂದಿನ ಬೇಸಿಗೆಗೆ ಅವರದೂ ಒಂದು ಏಸಿ ಬರುತ್ತದೆ, ನೋಡುತ್ತಿರಿ.

ಫ್ಯಾನಿನ ವಿಷಯದಲ್ಲಿ ನನಗೆ ಸ್ವಲ್ಪ ಹೊಟ್ಟೆಯುರಿ ಇದೆ. ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್ ತಿನ್ನುತ್ತದೆ. ಈಗ ಮನೆಯಲ್ಲಿರುವ ಹೊಸ ಬಗೆಯ ಬಿಎಲ್‌ಡಿಸಿ ಮೋಟರಿನ ಫ್ಯಾನಿಗೆ 30ರ ಆಸುಪಾಸು ಸಾಕು. ದಿನಕ್ಕೆ ಹತ್ತು ತಾಸು ತಿರುಗಿದರೆ ಮುಕ್ಕಾಲು ಯೂನಿಟ್ ಹೋಗುವಲ್ಲಿ ಕಾಲು ಯೂನಿಟ್ಟಿಗಿಂತ ತುಸು ಜಾಸ್ತಿ ಅಷ್ಟೇ. ಎರಡು ಫ್ಯಾನಿಗೆ ಲೆಕ್ಕ ಹಾಕಿ, 100ರ ಗೆರೆಯೊಳಗೆ ನಮ್ಮನ್ನು ಉಳಿಸಿರುವುದು ಮುಖ್ಯವಾಗಿ ಇದೇ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯ ಆಗಿದೆ, ನೋಡಿ ಕೊಳ್ಳುವುದು ಸುಲಭ. ಆದರೆ ಬಿಎಲ್‌ಡಿಸಿ ಫ್ಯಾನ್ ಕೆಟ್ಟರೆ ಸಾಮಾನ್ಯವಾಗಿ ಹೋಗುವುದು ಒಳಗಿನ ಎಲೆಕ್ಟ್ರಾನಿಕ್ ಬೋರ್ಡು. ಕಂಡೆನ್ಸರ್ ಬದಲಿಸಿ, ಕಾಯಿಲ್ ಸುತ್ತಿ ಸಂಜೆಯೊಳಗೆ ತಿರುಗಿಸಿ ಕೊಡುವ ನಮ್ಮ ವಿದ್ಯೆ ಅಲ್ಲಿ ನಡೆಯುವುದಿಲ್ಲ. ಬೇಸಿಗೆ ಅಂದರೆ ಅಂಗಡಿಯಲ್ಲಿ ಫ್ಯಾನಿನ ರಾಶಿ ಬೀಳುತ್ತಿದ್ದ ಕಾಲ ಹೋಯಿತು. ನನ್ನ ಮನೆಯ ಉಳಿತಾಯ, ನನ್ನ ಅಂಗಡಿಯ ಲುಕ್ಸಾನು.

ಬಿಸಿನೀರಿನದು ಬೇರೆಯೇ ರಾಮಾಯಣ. ಟೆರೇಸಿನ ಮೇಲೆ ಸೋಲಾರ್ ಟ್ಯಾಂಕ್ ಇದೆ. ಬೆಳಿಗ್ಗೆ ಮಾತ್ರ ವಾಲ್ವ್ ತೆಗೆಯುತ್ತಾರೆ. ಹನ್ನೊಂದನೇ ಫ್ಲೋರಿನವರು ನಲ್ಲಿ ತಿರುಗಿಸಿದ ತಕ್ಷಣ ಸುಡುವ ನೀರು. ನಮ್ಮ ಫ್ಲೋರಿಗೆ ಬರುವಷ್ಟರಲ್ಲಿ ಪೈಪಿನಲ್ಲಿ ರಾತ್ರಿಯಿಂದ ನಿಂತ ತಣ್ಣೀರು ಮೊದಲು ಇಳಿಯಬೇಕು. ಕೆಳಗಿನವರು ಅದನ್ನು ಮೋರಿಗೆ ಬಿಡುತ್ತಿದ್ದರು. ನನ್ನ ಹೆಂಡತಿ ಅದನ್ನು ಹಿಡಿದು ಪಾತ್ರೆ ತೊಳೆಯಲು ಇಟ್ಟುಕೊಳ್ಳುತ್ತಾಳೆ. ಅವಳನ್ನು ನೋಡಿ ಎದುರುಮನೆಯ ಮಾವಶಿಯೂ ಶುರು ಮಾಡಿದ್ದಾರೆ. ಜುಲೈನಲ್ಲಿ ಮೋಡ ಕಟ್ಟಿದರೆ ಸೋಲಾರ್ ನೀರು ಉಗುರುಬೆಚ್ಚಗೂ ಇರುವುದಿಲ್ಲ. ಆಗ ಎಲ್ಲರ ಬಕೆಟ್ಟಿಗೂ ಹೀಟರ್ ರಾಡ್ ಇಳಿಯುತ್ತದೆ. 20 ಲೀಟರಿನ ಒಂದು ಬಕೆಟ್ ಕಾಯಲು ಅರ್ಧ ಯೂನಿಟ್ಟಿನ ಮೇಲೆ ಬೇಕು. ಐದು ಜನರ ಮನೆಯಲ್ಲಿ ಫ್ಯಾನ್ ಇಡೀ ದಿನ ಉಳಿಸಿದ್ದೆಲ್ಲ ಸ್ನಾನಕ್ಕೆ ಹೋಯಿತು. ಅದಕ್ಕೇ ಮಳೆಗಾಲದಲ್ಲಿ ದೊಡ್ಡವರು ಎರಡು ತಂಬಿಗೆ ಬಿಸಿನೀರು ಬೆರೆಸಿಕೊಂಡು ಮುಗಿಸುತ್ತೇವೆ. ಮಕ್ಕಳಿಗೆ ಮಾತ್ರ ಪೂರ್ತಿ ಬಕೆಟ್.

ಇನ್ನು ಎರಡನೇ ಕಾಗದಕ್ಕೆ ಬರುತ್ತೇನೆ.

ಲಿಫ್ಟಿನ ಮೇಲೆ ಎಲ್ಲರಿಗೂ ಸಿಟ್ಟು. ಹುಡುಗರು ಸುಮ್ನೆ ಮೇಲೆ ಕೆಳಗೆ ಓಡಾಡುತ್ತಾರೆ ಅಂತ ಬೈಗುಳ. ಒಂದನೇ ಫ್ಲೋರಿನವರು ನಾವು ಲಿಫ್ಟೇ ಹತ್ತುವುದಿಲ್ಲ, ದುಡ್ಡು ಯಾಕೆ ಕೊಡಬೇಕು ಅನ್ನುತ್ತಾರೆ. ಪಂಪಿನ ಬಗ್ಗೆ ಯಾರೂ ಮಾತಾಡುವುದಿಲ್ಲ, ಯಾಕೆಂದರೆ ಅದು ನೆಲದ ಕೆಳಗಿದೆ, ಕಣ್ಣಿಗೆ ಬೀಳುವುದಿಲ್ಲ. ಸಾವಿರ ಲೀಟರ್ ನೀರನ್ನು 35 ಮೀಟರ್ ಮೇಲೆ ಎತ್ತಲು ಬರೀ ಲೆಕ್ಕದ ಪ್ರಕಾರ ಯೂನಿಟ್ಟಿನ ಹತ್ತನೇ ಒಂದು ಭಾಗ ಸಾಕು. ಪಂಪು, ಮೋಟರು, ಪೈಪು ತಿನ್ನುವುದನ್ನು ಸೇರಿಸಿ ಕಾಲು ಯೂನಿಟ್ ಅನ್ನಿ. ಮನೆಗೆ ದಿನಕ್ಕೆ 500 ಲೀಟರ್ ಅಂದರೂ ತಿಂಗಳಿಗೆ ನಾಲ್ಕು ಯೂನಿಟ್ ದಾಟಬಾರದು. ನಮ್ಮ ಬಿಲ್ಲಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತಿತ್ತು.

ಒಂದು ಭಾನುವಾರ ವಾಚ್‌ಮನ್ ಕಾಕಾನ ಜೊತೆ ಕೆಳಗೆ ಇಳಿದು ಪಂಪಿನ ತಂತಿಗೆ ಕರೆಂಟು ಅಳೆಯುವ ಟಾಂಗ್ ಟೆಸ್ಟರ್ ಹಾಕಿ ನೋಡಿದೆ. ಮೋಟರಿನ ಪ್ಲೇಟಿನಲ್ಲಿ ಬರೆದದ್ದಕ್ಕಿಂತ ಹೆಚ್ಚು ಆಂಪಿಯರ್ ಎಳೆಯುತ್ತಿತ್ತು. ಯಾರೋ ಒಮ್ಮೆ ಸುಟ್ಟದ್ದನ್ನು ಅಗ್ಗಕ್ಕೆ ಸುತ್ತಿ ಕೊಟ್ಟಿದ್ದಾರೆ. ತಂತಿ ಒಂದು ಗೇಜ್ ತೆಳು. ನಮ್ಮ ಧಂದೆಯಲ್ಲಿ ಈ ಕಳ್ಳತನ ಹಳೆಯದು: ತಾಮ್ರ ಉಳಿಯುತ್ತದೆ, ಮೋಟರ್ ತಿರುಗುತ್ತದೆ, ಗಿರಾಕಿಗೆ ಗೊತ್ತಾಗುವುದಿಲ್ಲ. ಬಿಲ್ಲಿಗೆ ಗೊತ್ತಾಗುತ್ತದೆ. ಆಮೇಲೆ ಮೇಲಕ್ಕೆ ಹೋದೆ. ಓವರ್‌ಹೆಡ್ ಟ್ಯಾಂಕಿನ ಫ್ಲೋಟ್ ಕೆಟ್ಟು ನೀರು ತುಂಬಿ ಹರಿಯುತ್ತಿತ್ತು. ಎತ್ತಿದ ನೀರು ಪೈಪಿನಲ್ಲಿ ಇಳಿದು ಗಟಾರ ಸೇರುವುದು, ಮತ್ತೆ ಎತ್ತುವುದು. ಅವ್ವನಿಗೆ ಹೇಳಿದರೆ ತೂತು ಬಿದ್ದ ಕೊಡದಲ್ಲಿ ನೀರು ಹೊತ್ತಂಗಾತು ಅಂದಳು. ಅದೇ.

ಕಮಿಟಿಯವರು ಕೇಳಲಿಲ್ಲ ಅಂತಲ್ಲ. ಕೇಳಿದರು, ಖರ್ಚು ಎಷ್ಟು ಅಂದರು, ಸುಮ್ಮನಾದರು. ಮೋಟರನ್ನು ನಾನೇ ಸರಿಯಾದ ಗೇಜಿನಲ್ಲಿ ಸುತ್ತಿ ಕೊಟ್ಟೆ, ತಾಮ್ರದ ದುಡ್ಡು ಮಾತ್ರ ತೆಗೆದುಕೊಂಡೆ. ವಾಟರ್ ಲೆವೆಲ್ ಕಂಟ್ರೋಲರ್ ಹಾಕಿಸಿದೆವು, ನೀರು ತುಂಬಿದರೆ ಪಂಪು ತಾನೇ ನಿಲ್ಲುತ್ತದೆ. ಮುಂದಿನ ಬಿಲ್ಲಿನಲ್ಲೇ ಫರಕು ಕಂಡಿತು. ಕಾರ್ಯದರ್ಶಿ ಅದನ್ನು ನೋಟಿಸ್ ಬೋರ್ಡಿಗೆ ಹಚ್ಚಿದರು, ಕೆಳಗೆ ತಮ್ಮ ಹೆಸರು ಹಾಕಿಕೊಂಡರು. ಹಾಕಿಕೊಳ್ಳಲಿ.

ಈಗ ಹೊಸ ಮಾತು, ಟೆರೇಸಿಗೆ ಸೋಲಾರ್ ಪ್ಯಾನಲ್. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಸೊಸೈಟಿಯ ಸಾಮಾನ್ಯ ಬಳಕೆಗೆ ಪ್ರತಿ ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ ಇದೆ. ನಮ್ಮ ಕಡೆ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ, ಮಳೆಗಾಲದಲ್ಲಿ ಕಮ್ಮಿ. ಲಿಫ್ಟು ಪಂಪು ಮೆಟ್ಟಿಲು ಅಷ್ಟನ್ನೂ ಅದಕ್ಕೆ ಹಚ್ಚಬಹುದು. ಆದರೆ ಮೇಲಿನ ಫ್ಲೋರಿನವರಿಗೆ ಸ್ಲ್ಯಾಬಿಗೆ ತೂತು ಹೊಡೆದರೆ ಸೋರುತ್ತದೆ ಅನ್ನುವ ಭಯ. ಹೆಂಗಸರಿಗೆ ಶೇಂಗಾ, ಹಪ್ಪಳ, ಸಂಡಿಗೆ ಒಣಗಿಸುವ ಜಾಗ ಹೋಗುತ್ತದೆ ಅನ್ನುವ ಚಿಂತೆ. ಎರಡೂ ಸುಳ್ಳಲ್ಲ. ಸ್ಟ್ಯಾಂಡನ್ನು ಸಿಮೆಂಟ್ ಕಟ್ಟೆಯ ಮೇಲೆ ನಿಲ್ಲಿಸಿದರೆ ಸ್ಲ್ಯಾಬ್ ಕೊರೆಯಬೇಕಿಲ್ಲ. ಎತ್ತರಕ್ಕೆ ನಿಲ್ಲಿಸಿದರೆ ಕೆಳಗೆ ಓಡಾಡಬಹುದು, ಆದರೆ ಹಪ್ಪಳಕ್ಕೆ ಬಿಸಿಲು ಸಿಗುವುದಿಲ್ಲ. ದಕ್ಷಿಣದ ಅಂಚು ಪ್ಯಾನಲ್ಲಿಗೆ, ಟ್ಯಾಂಕಿನ ಪಕ್ಕದ ಜಾಗ ಹಪ್ಪಳಕ್ಕೆ ಅಂತ ನಾನೊಂದು ನಕ್ಷೆ ಬರೆದಿದ್ದೇನೆ. ಟ್ಯಾಂಕಿನ ನೆರಳು ಬೀಳುವಲ್ಲಿ ಪ್ಯಾನಲ್ ಇಟ್ಟು ಪ್ರಯೋಜನವೂ ಇಲ್ಲ.

ಒಂದೇ ತಕರಾರು ಬಂದಿದೆ, ಅದೂ ನಮ್ಮ ಮನೆಯೊಳಗಿನಿಂದ. ಮಧ್ಯಾಹ್ನ ಮೂರರ ಮೇಲೆ ಟ್ಯಾಂಕಿನ ನೆರಳು ಹಪ್ಪಳದ ಮೇಲೂ ಬೀಳುತ್ತದಲ್ಲ ಅಂತ ಅವ್ವ ಕೇಳಿದಳು. ನಕ್ಷೆ ತಿದ್ದುತ್ತಿದ್ದೇನೆ. ಮೀಟಿಂಗ್ ಭಾನುವಾರ ಇದೆ, ಅಜೆಂಡಾದಲ್ಲಿ ಮೊದಲನೆಯದು ಬೈಕ್ ಪಾರ್ಕಿಂಗ್. ಅದು ಮುಗಿದು ಸೋಲಾರಿಗೆ ಬರುವ ಹೊತ್ತಿಗೆ ಎಷ್ಟು ಜನ ಉಳಿದಿರುತ್ತಾರೋ ನೋಡಬೇಕು.